ಚಿನ್ನದ ಕಡತದಲ್ಲಿ ಸಿಗದ ಕೋಲಾರ

1965ರ ಆಗಸ್ಟ್ 15ರ ‘ಫಿಸಿಕ್ಸ್ ಲೆಟರ್ಸ್’ ಸಂಚಿಕೆಯಲ್ಲಿ ಒಂದು ಪುಟ್ಟ ಸಂಶೋಧನಾ ಲೇಖನ ಅಚ್ಚಾಗಿದೆ. ಅದಕ್ಕೆ ಹನ್ನೊಂದು ಮಂದಿಯ ಹೆಸರು. ಐವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಇಬ್ಬರು ಜಪಾನಿನ ಒಸಾಕಾದವರು, ನಾಲ್ವರು ಇಂಗ್ಲೆಂಡಿನ ಡರ್ಹಾಮಿನವರು. ವಾತಾವರಣದಲ್ಲಿ ಹುಟ್ಟಿ ಇಡೀ ಭೂಮಿಯನ್ನೇ ತೂರಿಕೊಂಡು ಬರಬಲ್ಲ ನ್ಯೂಟ್ರಿನೊ ಕಣದ ಗುರುತು ಸಿಕ್ಕಿದೆಯೆಂದು ಮೊದಲು ಪ್ರಕಟಿಸಿದ ಲೇಖನ ಅದು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇದೇ ಹುಡುಕಾಟದಲ್ಲಿದ್ದ ಫ್ರೆಡರಿಕ್ ರೈನ್ಸ್ ತಂಡದ ಲೇಖನ ಹೊರಬಂದದ್ದು ಅದೇ ತಿಂಗಳ ಕೊನೆಗೆ. ನಮ್ಮವರಿಗೆ ಆ ಗುರುತು ಸಿಕ್ಕಿದ್ದು ಕೋಲಾರದಲ್ಲಿ. ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನ ಕಡೆ, ನೆಲದಿಂದ 2.3 ಕಿಲೋಮೀಟರ್ ಕೆಳಗೆ.

ಬೊರಿವಲಿಯಲ್ಲಿ ನೆಲೆಸಿ ಗಣಿ, ಗಿರಣಿಗಳ ಚರಿತ್ರೆ ಹುಡುಕುವ ನನಗೆ ಈ ಲೇಖನವೇ ಮೊದಲ ಎಳೆಯಾಯಿತು. ಮುಂಬಯಿಯಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ಎಂದರೆ 2018ರಲ್ಲಿ ತೆರೆಕಂಡ ಸಿನಿಮಾ. ನಿಜವಾದ ಊರಿನಲ್ಲಿ ಈಗ ಏನು ಉಳಿದಿದೆ ಎಂದು ಅವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಯುರೋಪಿನಲ್ಲಿ, ಜಪಾನಿನಲ್ಲಿ, ಇಂಡೊನೇಷ್ಯಾದಲ್ಲಿ ಮುಚ್ಚಿಹೋದ ಗಣಿಪಟ್ಟಣಗಳನ್ನು ಜತನದಿಂದ ಕಾಪಾಡಿದ್ದಾರೆ. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನಮ್ಮ ಊರಿನಲ್ಲಿ ಕಾಪಾಡಬೇಕಾದದ್ದು ಯಾವುದು, ಅದರ ದಾಖಲೆ ಎಲ್ಲಿದೆ ಎಂಬುದನ್ನು ಹುಡುಕುತ್ತ ಹೋದೆ.

ಮುಂಬಯಿಯಿಂದ ಕೋಲಾರಕ್ಕೆ

ಆ ಹನ್ನೊಂದು ಹೆಸರುಗಳಲ್ಲಿ ಒಂದು ಬಿ.ವಿ. ಶ್ರೀಕಂಠನ್ ಅವರದು. 1925ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು, 1948ರಲ್ಲಿ ಟಾಟಾ ಸಂಸ್ಥೆ ಸೇರಿದವರು, ಮುಂದೆ 1975ರಿಂದ 1987ರವರೆಗೆ ಅದರ ನಿರ್ದೇಶಕರಾಗಿದ್ದವರು. ಹೋಮಿ ಭಾಭಾ ಅವರ ಸೂಚನೆಯ ಮೇರೆಗೆ 1950ರ ದಶಕದ ಆರಂಭದಲ್ಲಿ ಉಪಕರಣ ಹೊತ್ತು ಕೋಲಾರದ ಗಣಿಗೆ ಇಳಿದರು. ಆಕಾಶದಿಂದ ಸುರಿಯುವ ವಿಶ್ವಕಿರಣಗಳಲ್ಲಿ ಎಷ್ಟು ಪಾಲು ಎಷ್ಟು ಆಳಕ್ಕೆ ತಲುಪುತ್ತದೆ ಎಂದು ಅಳೆಯುವುದು ಅವರ ಕೆಲಸ. ಬಂಡೆ ದಪ್ಪವಾದಷ್ಟೂ ಕಣಗಳು ಸೋಸಿಹೋಗುತ್ತವೆ. ಆ ಸೋಸುವಿಕೆಯ ಲೆಕ್ಕ ಹಿಡಿಯಲು ಬೇಕಾದಷ್ಟು ಆಳ ನಮ್ಮ ದೇಶದಲ್ಲಿ ಸಿಗುತ್ತಿದ್ದುದು ಕೆಜಿಎಫ್‌ನಲ್ಲಿ.

ಈ ಅಳತೆಗಳ ಸಾಲಿನಲ್ಲಿ ನನ್ನ ಕಣ್ಣು ನಿಂತದ್ದು ಒಂದು ಸೊನ್ನೆಯ ಮೇಲೆ. 1960ರ ದಶಕದ ಆರಂಭದಲ್ಲಿ, ಆ ಹನ್ನೊಂದು ಮಂದಿಯಲ್ಲೇ ಸೇರಿದ ಮಿಯಾಕೆ, ನರಸಿಂಹಂ, ರಮಣಮೂರ್ತಿ ಇವರು ಹಂತಹಂತವಾಗಿ ಕೆಳಗಿಳಿಯುತ್ತ 2,760 ಮೀಟರ್ ಆಳದಲ್ಲಿ ಉಪಕರಣ ಇಟ್ಟರು. ಸುಮಾರು ಎರಡು ತಿಂಗಳು ಕಾದರೂ ಒಂದೇ ಒಂದು ಕಣ ದಾಖಲಾಗಲಿಲ್ಲ. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ಮುಂದೆ ಏನಾದರೂ ಅಡ್ಡಲಾಗಿ ಹಾದುಹೋದರೆ ಅದು ಮೇಲಿನಿಂದ ಬಂದದ್ದಾಗಿರಲಾರದು, ಬಂಡೆಯೊಳಗೆ ನ್ಯೂಟ್ರಿನೊ ಹುಟ್ಟಿಸಿದ್ದೇ ಆಗಿರಬೇಕು ಎಂಬ ತರ್ಕ ಆ ಸೊನ್ನೆಯಿಂದ ಗಟ್ಟಿಯಾಯಿತು. ಹಾಗಾಗಿ ಪ್ಲಾಸ್ಟಿಕ್ ಸಿಂಟಿಲೇಟರು ಎಂಬ ಕಣಶೋಧಕಗಳನ್ನು ಎದುರುಬದುರು ಗೋಡೆಗಳಂತೆ ನೆಟ್ಟಗೆ ನಿಲ್ಲಿಸಿದರು. ನಡುವೆ ಸೀಸದ ಹಲಗೆಗಳನ್ನೂ ಕಣ ಹಾದಾಗ ಮಿನುಗುವ ನಿಯಾನ್ ನಳಿಕೆಗಳನ್ನೂ ಇಟ್ಟರು. ಎರಡೂ ಗೋಡೆಗಳನ್ನು ದಾಟಿ ಅಡ್ಡಲಾಗಿ ಸಾಗಿದ ಕಣದ ಹಾದಿ ಆ ನಳಿಕೆಗಳ ಮಿನುಗಿನಲ್ಲಿ ಕಾಣುತ್ತಿತ್ತು.

ಭೌತವಿಜ್ಞಾನದ ಈ ಲೇಖನವನ್ನು ಗಣಿಯ ದಾಖಲೆಯಾಗಿಯೂ ಓದಬೇಕು. ಸೀಸದ ಹಲಗೆ, ಗಾಜಿನ ನಳಿಕೆಗಳನ್ನು ಎರಡೂ ಕಾಲು ಕಿಲೋಮೀಟರ್ ಕೆಳಕ್ಕೆ ಸಾಗಿಸಿದ್ದು ಗಣಿಯ ಕೇಜು, ವೈಂಡಿಂಗ್ ಎಂಜಿನ್ನು. ಅಷ್ಟು ಕೆಳಗೆ ಉಸಿರಾಡಲು ಗಾಳಿ ತಳ್ಳಿದ್ದು ಗಣಿಯ ಫ್ಯಾನುಗಳು. ಇನ್ನೂ ಆಳಕ್ಕೆ ಹೋದಂತೆ, ಮೂರು ಕಿಲೋಮೀಟರಿನ ಹತ್ತಿರ, ಬಂಡೆಯ ಬಿಸಿ 65 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಅಂಥ ಕಡೆ ದುಡಿದು ಪಳಗಿದ ಕೆಲಸಗಾರರ ನೆರವಿಲ್ಲದೆ ಯಾವ ವಿಜ್ಞಾನಿಯೂ ಅಲ್ಲಿ ಪ್ರಯೋಗ ಹೂಡುವಂತಿರಲಿಲ್ಲ. ಆದರೆ ‘ಚಿನ್ನ’ ಎಂಬ ಹೆಸರಿನಡಿ ಹುಡುಕುವವರಿಗೆ ಈ ಲೇಖನ ಸಿಗುವುದೇ ಇಲ್ಲ. ನನ್ನ ಹುಡುಕಾಟದ ದಾರಿ ಬದಲಾದದ್ದು ಇಲ್ಲಿ. ಚಿನ್ನವನ್ನು ಬಿಟ್ಟು ವಿದ್ಯುತ್ತು, ರೈಲು, ನೀರು, ಮಿಷನ್, ಮುದ್ರಣ ಎಂಬ ತಲೆಬರಹಗಳ ಕೆಳಗೆ ಕೆಜಿಎಫ್ ಹುಡುಕತೊಡಗಿದೆ.

ವಾರನ್ ಬರೆದ ಟಿಪ್ಪಣಿ

ಮೊದಲು ಬುಡದಿಂದ ಹೊರಡೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಹೊಸ ಗಡಿ ಗುರುತಿಸುವ ಸರ್ವೆ ನಡೆಯಿತು. ಅದರಲ್ಲಿದ್ದ 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಕೋಲಾರದ ಕಡೆ ಬಂದ. ಹುಟ್ಟಿನಿಂದ ಫ್ರೆಂಚ್ ಕುಲೀನ ಮನೆತನದವನು. ಮುಂದೆ ಮದ್ರಾಸ್ ವೀಕ್ಷಣಾಲಯದಲ್ಲಿ ಖಗೋಳಜ್ಞನ ಹೊಣೆ ಹೊತ್ತವನು, ದಕ್ಷಿಣ ಭಾರತದ ಪಂಚಾಂಗ ಗಣಿತದ ಬಗ್ಗೆ 1825ರಲ್ಲಿ ‘ಕಾಲಸಂಕಲಿತ’ ಎಂಬ ದೊಡ್ಡ ಗ್ರಂಥ ಬರೆದವನೂ ಇವನೇ. ಇಲ್ಲಿನ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು ಕಿವಿಗೆ ಬಿದ್ದಾಗ, ತೋರಿಸಿಕೊಟ್ಟವರಿಗೆ ಬಹುಮಾನ ಸಾರಿದ. ಹಳ್ಳಿಯವರು ಎತ್ತಿನ ಗಾಡಿಯಲ್ಲಿ ಮಣ್ಣು ತಂದು ಅವನ ಎದುರೇ ತೊಳೆದು ತೋರಿಸಿದರು. ಅವರ ಪದ್ಧತಿಯಲ್ಲಿ ಸುಮಾರು 56 ಕಿಲೋ ಮಣ್ಣಿಗೆ ಒಂದು ಗ್ರೇನ್ ಚಿನ್ನ ಸಿಗುತ್ತದೆಂದು ಅವನು ಲೆಕ್ಕ ಹಾಕಿದ. ನಮ್ಮ ಅಕ್ಕಸಾಲಿಗರ ತೂಕದಲ್ಲಿ ಅದು ಹೆಚ್ಚುಕಡಿಮೆ ಅರ್ಧ ಗುಲಗಂಜಿ.

ವಾರನ್ನನ ಈ ವರದಿಯ ವಿಷಯದಲ್ಲಿ ಒಂದು ಗಂಟು ಇದೆ. 1804ರ ‘ಏಷಿಯಾಟಿಕ್ ಜರ್ನಲ್’ನಲ್ಲಿ ಅವನ ನಾಲ್ಕು ಪುಟಗಳ ಲೇಖನ ಬಂದಿತ್ತೆಂದೂ ಏಳು ದಶಕದ ಮೇಲೆ ಒಬ್ಬ ಐರಿಷ್ ಸೈನಿಕ ಅದನ್ನು ಓದಿ ಕೋಲಾರಕ್ಕೆ ಹೊರಟನೆಂದೂ ಕೆಜಿಎಫ್ ಕುರಿತ ಬಹುತೇಕ ಬರಹಗಳು ಹೇಳುತ್ತವೆ. ಆ ಹೆಸರಿನ ಪತ್ರಿಕೆ ಲಂಡನ್ನಿನಲ್ಲಿ ಶುರುವಾದದ್ದೇ 1816ರಲ್ಲಿ. ಹುಟ್ಟದ ಪತ್ರಿಕೆಯಲ್ಲಿ ಲೇಖನ ಅಚ್ಚಾಗಲು ಸಾಧ್ಯವಿಲ್ಲ. 1804ರಲ್ಲಿ ಚಲಾವಣೆಯಲ್ಲಿದ್ದವು ಕಲ್ಕತ್ತೆಯ ‘ಏಷಿಯಾಟಿಕ್ ರಿಸರ್ಚಸ್’, ಲಂಡನ್ನಿನ ‘ಏಷಿಯಾಟಿಕ್ ಆನ್ಯುಯಲ್ ರಿಜಿಸ್ಟರ್’ ಮುಂತಾದವು. ಒಬ್ಬರು ಬರೆದ ಹೆಸರನ್ನು ಇನ್ನೊಬ್ಬರು ಎತ್ತಿಕೊಂಡು, ಇಸವಿಯನ್ನು ಪತ್ರಿಕೆಯ ಎದುರು ಇಟ್ಟು ನೋಡದೆ ದಾಟಿಸಿದ್ದಾರೆ. ವಾರನ್ ಕಂಡದ್ದು, ಬರೆದದ್ದು ಸುಳ್ಳಾಗುವುದಿಲ್ಲ. ಕೋಲಾರದ ಚರಿತ್ರೆಯ ಮೊದಲ ಪುಟಕ್ಕೇ ಸರಿಯಾದ ಉಲ್ಲೇಖ ಹೊಂದಿಸುವ ಕೆಲಸ ಮಾತ್ರ ಇಷ್ಟು ದಿನ ಹಿಂದೆ ಬಿದ್ದಿದೆ.

ಈ ಹಳೆಯ ಸುದ್ದಿಗಳನ್ನು ಒಟ್ಟುಮಾಡುವ ಕೆಲಸಕ್ಕೆ ಮುಂಚೆಯೇ ಕೈಹಾಕಿದವನು ಒಬ್ಬ ಮಿಷನರಿ. ವೆಸ್ಲಿಯನ್ ತಮಿಳು ಮಿಷನ್ನಿನ ಸೂಪರಿಂಟೆಂಡೆಂಟ್ ಆಗಿದ್ದ ಫ್ರೆಡ್ ಗುಡ್‌ವಿಲ್ ಬರೆದ ಲೇಖನ ಬೆಂಗಳೂರಿನ ಮಿಥಿಕ್ ಸೊಸೈಟಿಯ ತ್ರೈಮಾಸಿಕದಲ್ಲಿ 1918ರಲ್ಲಿ ಪ್ರಕಟವಾಯಿತು. ಇವತ್ತು ಕೆಜಿಎಫ್ ಬಗ್ಗೆ ಬರೆಯುವವರೆಲ್ಲ, ತಿಳಿದೋ ತಿಳಿಯದೆಯೋ, ಅವನಿಗೆ ಋಣಿಗಳು.

ಕಲ್ಲಿದ್ದಲಾದರೆ ಆಗಬಹುದು ಎಂದ ಸರ್ಕಾರ

ಆ ಐರಿಷ್ ಸೈನಿಕ ಮೈಕೆಲ್ ಫಿಟ್ಜೆರಾಲ್ಡ್ ಲವೆಲ್. ನ್ಯೂಜಿಲೆಂಡಿನ ಮಾವೋರಿ ಯುದ್ಧ ಮುಗಿಸಿಕೊಂಡು 1871ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ. ಎತ್ತಿನಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ತಿರುಗಾಡಿ, 1873ರಲ್ಲಿ ಗಣಿಗಾರಿಕೆಗೆ ಮೈಸೂರು ಸರ್ಕಾರದ ಅನುಮತಿ ಕೇಳಿದ. ಚಿನ್ನದಲ್ಲಿ ಗಿಟ್ಟುವುದೇನೂ ಇಲ್ಲವೆಂದು ತಿಳಿದ ಅಧಿಕಾರಿಗಳು ಕಲ್ಲಿದ್ದಲು ಹುಡುಕಲಾದರೆ ಅನುಮತಿ ಕೊಡುತ್ತೇವೆ ಎಂದರು. ಲವೆಲ್ ಪಟ್ಟು ಬಿಡಲಿಲ್ಲ. ಕೊನೆಗೆ 1875ರ ಫೆಬ್ರುವರಿ 2ರಂದು ಇಪ್ಪತ್ತು ವರ್ಷಗಳ ಪರವಾನಗಿ ಅವನ ಕೈಸೇರಿತು. ಆ ಒಂದು ಹಟ ಇಲ್ಲದಿದ್ದರೆ ಊರಿಗಾಂ, ಮಾರಿಕುಪ್ಪಂ ಹೊಲಗದ್ದೆಗಳಾಗಿಯೇ ಎಷ್ಟು ಕಾಲ ಇರುತ್ತಿದ್ದವೋ.

ಲವೆಲ್ ಹತ್ತಿರ ಬಂಡವಾಳ ಇರಲಿಲ್ಲ. 1877ರ ಹೊತ್ತಿಗೆ ಹಕ್ಕು ಬೇರೆಯವರ ಕೈಗೆ ಹೋಯಿತು. 1880ರ ನಂತರ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಪ್ರವೇಶ ಮಾಡಿತು. ಕಾರ್ನ್‌ವಾಲ್ ಸೀಮೆಯ ತವರ, ತಾಮ್ರದ ಗಣಿಗಳಲ್ಲಿ ನುರಿತ ಕೆಲಸಗಾರರು ಬಂದರು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಸಾಲಾಗಿ ತಲೆಯೆತ್ತಿದವು. ಆ ಕಾರ್ನ್‌ವಾಲ್‌ನ ಹಳೆಯ ಗಣಿಗಳ ಎಂಜಿನ್ ಮನೆಗಳು 2006ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದೇ ಕೈಚಳಕ ಕಡಲು ದಾಟಿ ಬಂದು ಕಟ್ಟಿದ ಕೆಜಿಎಫ್‌ನ ಶಾಫ್ಟುಗಳು ಯಾವ ಪಟ್ಟಿಯ ಮೇಲ್ಪಂಕ್ತಿಗೂ ಬರಲಿಲ್ಲ.

ಗಣಿಗಾಗಿ ಬಂದ ಬೆಳಕು

ಹುಡುಕಾಟದಲ್ಲಿ ಎಲ್ಲಕ್ಕಿಂತ ಹೆಚ್ಚು ಕೊಟ್ಟ ತಲೆಬರಹ ವಿದ್ಯುತ್ತು. ಮೈಸೂರು ಸಂಸ್ಥಾನ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದದ್ದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಯಾರಿಗಾಗಿ ತೆಗೆದರು ಎಂಬುದನ್ನು ಅಷ್ಟಾಗಿ ಓದಿಲ್ಲ. ಅದಕ್ಕೆ ಮೊದಲು ಗಣಿಯ ಎಂಜಿನ್ನುಗಳು ಸೌದೆ, ಕಲ್ಲಿದ್ದಲು ಉರಿಸಿ ಓಡುತ್ತಿದ್ದವು. ಶಾಫ್ಟು ಆಳಕ್ಕೆ ಹೋದಂತೆ ಖರ್ಚು ಏರುತ್ತಿತ್ತು. ಸಂಸ್ಥಾನದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಯೋಜನೆ ಮುಂದಿಟ್ಟ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತರು, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಯಂತ್ರಗಳನ್ನು ಕೊಟ್ಟಿತು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ದೂರದ ಕೆಜಿಎಫ್ ತಲುಪಿತು. ಆಗ ಜಗತ್ತಿನ ಅತಿ ಉದ್ದದ ತಂತಿ ಮಾರ್ಗಗಳಲ್ಲಿ ಅದೂ ಒಂದು. ಯೋಜನೆಗೆ ಹೆಗಲು ಕೊಟ್ಟ ಶೇಷಾದ್ರಿ ಅಯ್ಯರ್ ಅದಕ್ಕೆ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಆಮೇಲೆ, 1905ರಲ್ಲಿ. ಗಣಿಗಾಗಿ ಬಂದ ವಿದ್ಯುತ್ತಿನಲ್ಲಿ ಮಿಕ್ಕಿದ್ದನ್ನು ಹಂಚಿಕೊಂಡು ಬೆಂಗಳೂರು ಬೆಳಗಿತು.

ರೈಲಿನ ಕಥೆಯೂ ಹೀಗೆಯೇ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 1894ರಲ್ಲಿ ಕವಲು ಮಾರ್ಗ ತೆರೆದರು. ಬಂಗಾರಪೇಟೆಯ ಆಗಿನ ಹೆಸರು ಬೌರಿಂಗ್‌ಪೇಟೆ. ದಾಖಲೆಗಳ ಸೂಚಿಯಲ್ಲಿ ಹುಡುಕುವವರು ಈ ಹೆಸರನ್ನು ಮರೆಯಬಾರದು. ಕೋರಮಂಡಲ, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ನಿಲ್ದಾಣಗಳು ಗಣಿಗಳ ಹೆಸರು ಹೊತ್ತು ಇಂದಿಗೂ ಇವೆ. ಗಣಿಗೆ ದುಡಿಯಲು ಜನರನ್ನು ತಂದಿಳಿಸಿದ ಈ ಮಾರ್ಗದಲ್ಲಿ ಈಗ ಅವರ ಮಕ್ಕಳು, ಮೊಮ್ಮಕ್ಕಳು ಬೆಳಗಾಗುವ ಮುನ್ನ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ನೀರಿಗೆ ಪಾಲಾರ್ ನದಿಯ ಬೇತಮಂಗಲದ ಕೆರೆ. ಹೀಗೆ ಒಂದೊಂದನ್ನೂ ಜೋಡಿಸಿಕೊಂಡು ಹೋದಾಗ ಕೆಜಿಎಫ್ ಎಂಬುದು ನಾಲ್ಕಾರು ಗುಂಡಿಗಳ ಹೆಸರಾಗಿ ಉಳಿಯುವುದಿಲ್ಲ. ಕಾವೇರಿಯ ಜಲಪಾತದಿಂದ ಪಾಲಾರಿನ ಕೆರೆಯವರೆಗೆ ಹರಡಿದ ಒಂದೇ ಏರ್ಪಾಡು ಅದು.

ದುಡಿದವರು ಬಿಟ್ಟುಹೋದದ್ದು

ಕಂಪನಿಯ ಲೆಕ್ಕಪತ್ರಗಳಲ್ಲಿ ಕಾರ್ಮಿಕರು ಸಂಖ್ಯೆಗಳಾಗಿ ಬರುತ್ತಾರೆ. ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ದಲಿತರು. 1930ರಲ್ಲಿ, ಗುರುತಿಗಾಗಿ ಬೆರಳಚ್ಚು ಪಡೆಯುವ ಹೊಸ ನಿಯಮದ ವಿರುದ್ಧ ಅವರು ದೊಡ್ಡ ಮುಷ್ಕರ ಹೂಡಿದರು. ತಮ್ಮನ್ನು ಕಳ್ಳರಂತೆ ಕಾಣುವ ಕ್ರಮಕ್ಕೆ ಕೈಯೊಡ್ಡೆವು ಎಂಬ ಸ್ವಾಭಿಮಾನ ಅದರ ಹಿಂದಿತ್ತು. ಇತಿಹಾಸಕಾರ್ತಿ ಜಾನಕಿ ನಾಯರ್ 1998ರಲ್ಲಿ ಪ್ರಕಟಿಸಿದ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಪುಸ್ತಕ ಮೈಸೂರು ಸಂಸ್ಥಾನದ ಗಣಿ, ಗಿರಣಿ ಕಾರ್ಮಿಕರ ಈ ಬದುಕನ್ನು ದಾಖಲೆಗಳಿಂದಲೇ ಎತ್ತಿ ತೋರಿಸುತ್ತದೆ. ಕೆಜಿಎಫ್ ಬಗ್ಗೆ ಒಂದೇ ಪುಸ್ತಕ ಓದುವುದಾದರೆ ಇದನ್ನು ಓದಿ ಎಂದು ನಾನು ಹೇಳುತ್ತೇನೆ.

ಮುದ್ರಣ ಎಂಬ ತಲೆಬರಹದಡಿ ಸಿಕ್ಕ ಸಂಗತಿ ಇನ್ನೂ ದೊಡ್ಡದು. ತಮಿಳುನಾಡಿನಲ್ಲಿ ಬೌದ್ಧ ಧರ್ಮವನ್ನು ದಲಿತರ ವಿಮೋಚನೆಯ ದಾರಿಯಾಗಿ ಕಂಡ ಪಂಡಿತ ಅಯೋತಿ ದಾಸರ್ 1914ರಲ್ಲಿ ತೀರಿಕೊಂಡರು. ಅವರು ಕಟ್ಟಿದ ‘ತಮಿಳನ್’ ಪತ್ರಿಕೆ 1926ರಲ್ಲಿ ಮರುಹುಟ್ಟು ಪಡೆದದ್ದು ಕೆಜಿಎಫ್‌ನಲ್ಲಿ, ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ. ದಾಸರ್ ಅವರ ಬರಹಗಳನ್ನು ಪುಸ್ತಕವಾಗಿ ತಂದದ್ದು ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಪ್ರಕಾಶನ. ಹಗಲು ಬಂಡೆ ಒಡೆದು ಬಂದವರು ಓದಿದ, ಓದಿಸಿದ ಊರು ಅದು. ಕ್ಲಬ್ಬು, ಬಂಗಲೆ, ಗಾಲ್ಫ್ ಮೈದಾನಗಳನ್ನು ನೋಡಿ ‘ಮಿನಿ ಇಂಗ್ಲೆಂಡ್’ ಎಂದು ಕೊಂಡಾಡುವವರು ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳ ಈ ಚರಿತ್ರೆಯನ್ನು ಬಿಟ್ಟರೆ ಪಟ್ಟಣದ ಅರ್ಧಕ್ಕಿಂತ ಹೆಚ್ಚನ್ನು ಬಿಟ್ಟಂತೆ.

ಆಳ 3.2 ಕಿಲೋಮೀಟರ್ ಮುಟ್ಟಿದ ಗಣಿಯಲ್ಲಿ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವ ಅಪಘಾತಗಳಿಂದ ಎಷ್ಟೋ ಜೀವ ಹೋದವು. ಆ ಸಾವುಗಳಿಂದ ಕಲಿತ ವಿದ್ಯೆಯೂ ಇಲ್ಲಿನ ಪರಂಪರೆಯೇ. ಬಂಡೆಗಳ ಒತ್ತಡವನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ 1988ರಲ್ಲಿ ಸ್ಥಾಪನೆಯಾದದ್ದು ಇದೇ ಕೆಜಿಎಫ್‌ನಲ್ಲಿ.

ಪಟ್ಟಿ ಮೊದಲು, ಚಿನ್ನ ಆಮೇಲೆ

ಗಣಿ 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. 2001ರ ಫೆಬ್ರುವರಿ 28ರಂದು ಮುಚ್ಚಿತು. ಅದೇ 2001ರ ಡಿಸೆಂಬರಿನಲ್ಲಿ ಜರ್ಮನಿಯ ಎಸೆನ್ ನಗರದ ಝೋಲ್‌ವೆರೈನ್ ಕಲ್ಲಿದ್ದಲು ಗಣಿ ವಿಶ್ವ ಪರಂಪರೆಯ ತಾಣವಾಯಿತು. ಅದು ಮುಚ್ಚಿದ್ದು 1986ರಲ್ಲಿ. ಯಂತ್ರಗಳನ್ನು ಗುಜರಿಗೆ ಹಾಕುವ ಮೊದಲೇ ಅಲ್ಲಿನ ರಾಜ್ಯ ಸರ್ಕಾರ ಗಣಿಯನ್ನು ಕೊಂಡುಕೊಂಡಿತು. ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡದಲ್ಲಿ ಈಗ ಆ ಸೀಮೆಯ ವಸ್ತುಸಂಗ್ರಹಾಲಯವಿದೆ.

ನಮಗೆ ಇನ್ನೂ ಹತ್ತಿರದ ಮಾದರಿ ಸುಮಾತ್ರಾದ ಸಾವಾಹ್ಲುಂಟೊ. ಡಚ್ಚರು ಕಟ್ಟಿದ ಕಲ್ಲಿದ್ದಲು ಪಟ್ಟಣ. 2019ರಲ್ಲಿ ಯುನೆಸ್ಕೋ ಮನ್ನಿಸಿದಾಗ ಗಣಿಯೊಂದನ್ನೇ ಹೆಸರಿಸಲಿಲ್ಲ. ಗಣಿಪಟ್ಟಣ, ಕಲ್ಲಿದ್ದಲು ಸಾಗಿಸಿದ ರೈಲು ಮಾರ್ಗ, ಹಡಗಿಗೆ ತುಂಬಿದ ಬಂದರು, ಮೂರನ್ನೂ ಒಂದೇ ತಾಣವೆಂದು ಬರೆದುಕೊಂಡಿತು. ಕೆಜಿಎಫ್‌ಗೆ ಒಪ್ಪುವ ಕ್ರಮ ಇದೇ. ಶಾಫ್ಟಿನ ಉಕ್ಕಿನ ಗೋಪುರ, ಮಾರಿಕುಪ್ಪಂ ರೈಲು, ಬೇತಮಂಗಲದ ನೀರು, ಶಿವನಸಮುದ್ರದ ವಿದ್ಯುದಾಗಾರ, ಲೈನ್ ಮನೆ, ನ್ಯೂಟ್ರಿನೊ ಪ್ರಯೋಗದ ಕಾಗದಪತ್ರ, ಇವುಗಳನ್ನು ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ಹಳೆಯ ಸಾಮಾನು. ಕೂಡಿಸಿ ನೋಡಿದರೆ ಆಧುನಿಕ ಕರ್ನಾಟಕ ಹುಟ್ಟಿದ ಜಾಗ.

ತಡಮಾಡುವ ಕಾಲ ಇದಲ್ಲ. ಅದಿರಿನಿಂದ ಚಿನ್ನ ತೆಗೆದ ಮೇಲೆ ಸುರಿದ ಪುಡಿಯಿಂದಾಗಿ ಊರಿನ ಸುತ್ತ ಎದ್ದು ನಿಂತ ಸೈನೈಡ್ ಗುಡ್ಡಗಳಲ್ಲಿ ಇನ್ನೂ ಚಿನ್ನವಿದೆ. ಅಂಥ 13 ಗುಡ್ಡಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನಿನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಊರಿಗೆ ಕೆಲಸ ಸಿಗುವುದಾದರೆ ಬೇಡ ಎನ್ನುವವನು ನಾನಲ್ಲ. ಗುಡ್ಡಕ್ಕೆ ಕೈಹಾಕುವ ಮೊದಲು ಕಾಪಾಡಬೇಕಾದವುಗಳ ಪಟ್ಟಿ ಆಗಲಿ ಎಂಬುದಷ್ಟೇ ಕೋರಿಕೆ. ಪಟ್ಟಿಯ ಬೆಲೆ ಮುಂಬಯಿಯಲ್ಲಿರುವವರಿಗೆ ಗೊತ್ತು. 1982ರ ಗಿರಣಿ ಕಾರ್ಮಿಕರ ಮುಷ್ಕರದ ನಂತರ ಇಲ್ಲಿನ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ನಗರದ ಪಾರಂಪರಿಕ ಕಟ್ಟಡಗಳ ನಿಯಮ ಜಾರಿಗೆ ಬಂದದ್ದು 1995ರಲ್ಲಿ. ಲೋವರ್ ಪರೇಲ್‌ನ ಫೀನಿಕ್ಸ್ ಮಿಲ್ಲಿನ ಚಿಮಣಿ ಮಾಲ್ ನಡುವೆ ಉಳಿದುಕೊಂಡಿದೆ. ಅದರ ಕೆಳಗೆ ದುಡಿದವರ ಪಾಳಿ, ಪಗಾರಗಳ ಗುರುತು ಅಲ್ಲಿ ಕಾಣುವುದಿಲ್ಲ.

ಸರ್ಕಾರದ ಪಟ್ಟಿ ಬರುವವರೆಗೆ ನಾವು ಮಾಡಬಹುದಾದ ಕೆಲಸವೊಂದಿದೆ. ಬೆಂಗಳೂರು, ಮುಂಬಯಿ, ಚೆನ್ನೈ ಎಲ್ಲೇ ಇರಲಿ, ಗಣಿಯಲ್ಲಿ ದುಡಿದ ಹಿರಿಯರಿದ್ದ ಮನೆಗಳ ಟ್ರಂಕಿನಲ್ಲಿ ಸಂಬಳದ ಚೀಟಿ, ಹಾಜರಿ ಬಿಲ್ಲೆ, ಗಣಿ ಶಾಲೆಯ ಫೋಟೊ, ಸಂಘದ ಕರಪತ್ರ ಇದ್ದೀತು. ದಯವಿಟ್ಟು ರದ್ದಿಗೆ ಹಾಕಬೇಡಿ. ಯಾರದು, ಯಾವ ಗಣಿ, ಯಾವ ವರ್ಷ ಎಂದು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಹತ್ತಿರದ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ಒಂದು ಪ್ರತಿ ಕೊಡಿ. ಚಿನ್ನದ ಲೆಕ್ಕ ಕಂಪನಿ ಬರೆದಿಟ್ಟಿದೆ. ಊರಿನ ಲೆಕ್ಕವನ್ನು ಬರೆದಿಡಬೇಕಾದವರು ನಾವೇ.